ಚಿಪ್ಪಿನ ಇದ್ದಿಲಿನಿಂದ ಬೋರ್ ನೀರು ಸಿಹಿಯಾಗುತ್ತಾ?

ಪ್ರಶ್ನೆ: ನಮ್ಮದು ತೆಂಗಿನ ತೋಟ. ಕೊಬ್ಬರಿ ಒಡೆದ ಮೇಲೆ ಚಿಪ್ಪು ರಾಶಿ ರಾಶಿ ಉಳಿಯುತ್ತದೆ. ಬೋರ್ ನೀರು ಸವಳು. ಬೇಳೆ ಬೇಯಲ್ಲ, ಪಾತ್ರೆಗೆ ಬಿಳಿ ಕರೆ ಕಟ್ಟುತ್ತೆ. ಚಿಪ್ಪಿನಿಂದ ಆಕ್ಟಿವೇಟೆಡ್ ಕಾರ್ಬನ್ ಮಾಡಿ ನೀರು ಶುದ್ಧ ಮಾಡುವ ವಿಡಿಯೋ ನೋಡಿದೆ. ಮನೆಯಲ್ಲೇ ಮಾಡಬಹುದಾ ಸರ್?
– ಓದುಗರೊಬ್ಬರು, ಹೊಸದುರ್ಗ ತಾಲ್ಲೂಕು

ಉತ್ತರ: ನೀರು ಸೋಸುವ ಇದ್ದಿಲಿಗೆ ತೆಂಗಿನ ಚಿಪ್ಪು ಬಹಳ ಒಳ್ಳೆಯ ಮಾಲು. ಆದರೆ ನಿಮ್ಮ ನೀರಿನ ಕಾಯಿಲೆಗೆ ಅದು ಮದ್ದಲ್ಲ.

ಬಿಳಿ ಕರೆ ಕಟ್ಟಿಸುವುದು ನೀರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ. ಉಪ್ಪಿನಂತೆ ಕರಗಿದ್ದನ್ನು ಇದ್ದಿಲು ಹಿಡಿಯುವುದಿಲ್ಲ. ಅದು ಹಿಡಿಯುವುದು ವಾಸನೆ, ಬಣ್ಣ, ಕ್ಲೋರಿನ್, ಕೆಲವು ಕೀಟನಾಶಕ, ಇಂಥವನ್ನು. ಒಂದು ಲೋಟ ನೀರಿಗೆ ಎರಡು ಹನಿ ಇಂಕು ಹಾಕಿ, ಒಳ್ಳೆ ಕಾರ್ಬನ್ ಪುಡಿ ಕಲಕಿ, ಸ್ವಲ್ಪ ಹೊತ್ತು ಬಿಟ್ಟು ಸೋಸಿ. ನೀಲಿ ಹೋಗಿರುತ್ತೆ. ಅದೇ ಲೋಟಕ್ಕೆ ಉಪ್ಪು ಹಾಕಿ ಹೀಗೇ ಮಾಡಿ, ನೀರು ಉಪ್ಪುಪ್ಪಾಗೇ ಇರುತ್ತೆ.

ಇನ್ನು ಮನೆಯಲ್ಲಿ ಮಾಡುವ ವಿಚಾರ. ಚಿಪ್ಪನ್ನು ಮುಚ್ಚಿದ ಡ್ರಮ್ಮಿನಲ್ಲಿ ಗಾಳಿ ಆಡದಂತೆ ಸುಟ್ಟರೆ ಬರೀ ಇದ್ದಿಲಾಗುತ್ತೆ, ಆಕ್ಟಿವೇಟೆಡ್ ಕಾರ್ಬನ್ ಆಗಲ್ಲ. ಅದರ ಸಣ್ಣ ಸಣ್ಣ ರಂಧ್ರಗಳಲ್ಲಿ ಟಾರು ಕೂತಿರುತ್ತೆ. ಫ್ಯಾಕ್ಟರಿಯಲ್ಲಿ ಇದನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಬೆಗೆ ಒಡ್ಡುತ್ತಾರೆ. ಆಗ ರಂಧ್ರ ಬಿಚ್ಚಿಕೊಂಡು, ಹೊಸ ರಂಧ್ರಗಳೂ ಆಗುತ್ತವೆ. ಒಂದೇ ಒಂದು ಗ್ರಾಂ ಕಾರ್ಬನ್ನಿನ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸಾವಿರ ಚದರ ಮೀಟರ್ ಆಗಬಹುದು. ನಿಮ್ಮ ಲೆಕ್ಕದಲ್ಲಿ ಹತ್ತು ಗುಂಟೆ! ಒಲೆಯ ಶಾಖಕ್ಕೆ ಇದು ಸಾಧ್ಯವಿಲ್ಲ. ಕೆಲವರು ಹಬೆಯ ಬದಲು ಫಾಸ್ಫಾರಿಕ್ ಆಸಿಡ್ ಬಳಸುತ್ತಾರೆ. ಸರಿಯಾಗಿ ತೊಳೆಯದಿದ್ದರೆ ಅದೇ ಆಸಿಡ್ ನಿಮ್ಮ ಲೋಟಕ್ಕೆ ಬರುತ್ತೆ. ಮನೆಯಲ್ಲಿ ಆ ಸಾಹಸ ಬೇಡ.

ನನಗೆ ಸವಳಿಗಿಂತ ಜಾಸ್ತಿ ಚಿಂತೆ ಇರುವುದು, ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್‌ದು. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಬೋರ್‌ಗಳಲ್ಲಿ ಅದಿದೆ. ಬಣ್ಣವಿಲ್ಲ, ವಾಸನೆಯಿಲ್ಲ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ನಡೆಯುತ್ತೆ ಅನ್ನುತ್ತದೆ ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ. ಮಾಮೂಲಿ ಕಾರ್ಬನ್ ಇದನ್ನು ತಡೆಯುವುದಿಲ್ಲ. ಕುದಿಸಿದರೂ ಹೋಗಲ್ಲ, ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಹೆಚ್ಚುತ್ತೆ. ಹಾಗಾಗಿ ಮೊದಲು ಒಂದು ಬಾಟಲಿ ನೀರು ಲ್ಯಾಬಿಗೆ ಕೊಡಿ. ಫ್ಲೋರೈಡ್, ಗಡಸುತನ, ಟಿಡಿಎಸ್ (ನೀರಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣ), ನೈಟ್ರೇಟ್, ನಾಲ್ಕನ್ನೂ ಕೇಳಿ ಬರೆಸಿಕೊಳ್ಳಿ. ಫ್ಲೋರೈಡ್ ಜಾಸ್ತಿ ಬಂದರೆ ಕುಡಿಯಲು, ಅಡುಗೆಗೆ ಆರ್‌ಒ ನೀರು ಬಳಸಿ.

ಚಿಪ್ಪನ್ನು ಸುಮ್ನೆ ಸುಡಬೇಡಿ, ಇದ್ದಿಲು ಮಾಡುವವರಿಗೆ ಮಾರಿ. ಮಾಡಲೇಬೇಕು ಅನ್ನುವ ಹುಮ್ಮಸ್ಸಿದ್ದರೆ ಚಾವಣಿಯ ಮಳೆನೀರಿಗೆ ಬಳಸಿ. ಇದ್ದಿಲನ್ನು ಕಡಲೆಕಾಳಿನಷ್ಟು ಕುಟ್ಟಿ, ಕರಿನೀರು ನಿಲ್ಲುವವರೆಗೆ ತೊಳೆದು, ಜಲ್ಲಿ ಮತ್ತು ಮರಳಿನ ನಡುವೆ ಹಾಸಿ. ಒಂದಿಷ್ಟು ವಾಸನೆ ಎಳೆಯುತ್ತೆ. ಕ್ರಿಮಿ ಸಾಯಲ್ಲ, ಕುಡಿಯುವ ಮುಂಚೆ ಕುದಿಸಬೇಕು. ಇದ್ದಿಲನ್ನು ತಿಂಗಳುಗಟ್ಟಲೆ ಬದಲಿಸದಿದ್ದರೆ ಅದರ ಮೇಲೇ ಕ್ರಿಮಿ ಬೆಳೆಯುತ್ತವೆ.