ಪ್ರವಾಸ ಅಂದರೆ ಸಾಕು, ಹಿಂದಿನ ರಾತ್ರಿಯೇ ನೀರು ಕುಡಿಯೋದು ಬಿಡ್ತೀನಿ

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 29 ವರ್ಷ, ಹಾವೇರಿ ಜಿಲ್ಲೆಯವನು, ಮದುವೆಯಾಗಿ ವರ್ಷ ತುಂಬಿಲ್ಲ. ಇದನ್ನು ಯಾರ ಹತ್ತಿರವೂ ಹೇಳಿಕೊಂಡಿಲ್ಲ. ಪಕ್ಕದಲ್ಲಿ ಯಾರಾದರೂ ನಿಂತಿದ್ದರೆ ನನಗೆ ಮೂತ್ರ ಬರುವುದೇ ಇಲ್ಲ, ಎಷ್ಟೇ ಅರ್ಜೆಂಟ್ ಇದ್ದರೂ. ಮನೆಯಲ್ಲಿ ಏನೂ ತೊಂದರೆ ಇಲ್ಲ, ಸರಾಗವಾಗಿ ಹೋಗುತ್ತದೆ. ಹಾಸ್ಟೆಲಿನಲ್ಲಿದ್ದಾಗ ಹುಡುಗರು ಹೊರಗಿನಿಂದ ಬಾಗಿಲು ಬಡಿದು ನಗುತ್ತಿದ್ದರು, ಆಗ ಶುರುವಾಗಿದ್ದು. ಈಗ ಬಸ್ ಸ್ಟ್ಯಾಂಡಿನಲ್ಲಿ ಹಿಂದೆ ನಿಂತವನು ‘ಬೇಗ ಆಗ್ಲಿ ಸಾರ್’ ಅಂದರೆ ಮುಗೀತು. ಆದವನ ಹಾಗೆ ಜಿಪ್ ಎಳೆದುಕೊಂಡು, ಕೈ ತೊಳೆದುಕೊಂಡು ಬಂದು ಬಸ್ ಹತ್ತುತ್ತೇನೆ. ದೂರದ ಪ್ರಯಾಣ ಇದ್ದರೆ ಹಿಂದಿನ ರಾತ್ರಿಯಿಂದಲೇ ನೀರು ಮುಟ್ಟುವುದಿಲ್ಲ. ಮುಂದಿನ ತಿಂಗಳು ಹೆಂಡತಿಯ ತವರಿನವರೆಲ್ಲ ಟಿಟಿ (ಟೆಂಪೊ ಟ್ರಾವೆಲರ್) ಮಾಡಿಕೊಂಡು ಧರ್ಮಸ್ಥಳ, ಕುಕ್ಕೆ, ಕಟೀಲು ಅಂತ ಹೊರಟಿದ್ದಾರೆ. ನನಗೆ ರಜೆ ಸಿಗಲ್ಲ ಅಂದುಬಿಟ್ಟೆ. ‘ನಮ್ಮ ಮನೆಯವರು ಅಂದ್ರೆ ನಿಮಗೆ ಅಷ್ಟಕ್ಕಷ್ಟೇ’ ಅಂತ ಅವಳು ಮಾತು ಬಿಟ್ಟಿದ್ದಾಳೆ. ಇದು ಕಾಯಿಲೆಯಾ? ಗುಣ ಆಗುತ್ತಾ?
– ಹೆಸರು ಹಾಕಬೇಡಿ

ಉತ್ತರ: ಹತೋಟಿಗೆ ಬರುತ್ತದೆ. ಮನೆಯಲ್ಲಿ ಸರಾಗವಾಗಿ ಹೋಗುತ್ತದೆ ಅಂತ ಬರೆದಿದ್ದೀರಲ್ಲ, ಅರ್ಧ ಪರೀಕ್ಷೆ ಅಲ್ಲೇ ಮುಗಿಯಿತು. ನಿಮ್ಮ ಮೂತ್ರಕೋಶ, ನಾಳ ಎಲ್ಲ ಸರಿಯಾಗಿವೆ ಅನ್ನುವುದಕ್ಕೆ ಅದೇ ದೊಡ್ಡ ಸುಳಿವು. ಆದರೂ ಒಂದು ಸಲ ಡಾಕ್ಟರಿಗೆ ತೋರಿಸಿ, ಮೂತ್ರ ಪರೀಕ್ಷೆ ಮಾಡಿಸಿಬಿಡಿ, ಆಮೇಲೆ ಆ ಕಡೆ ಯೋಚನೆ ಬೇಡ. ಡಾಕ್ಟರ ಮುಂದೆ ಹೇಗೆ ಹೇಳುವುದು ಅಂತ ನಾಚಿಕೆಯಾದರೆ ‘ಪ್ಯಾರುರೆಸಿಸ್’ ಅಂತ ಒಂದು ಚೀಟಿಯಲ್ಲಿ ಬರೆದು ಕೊಡಿ. 1954ರಲ್ಲೇ ಅಮೆರಿಕದ ಇಬ್ಬರು ಸಂಶೋಧಕರು ಈ ತೊಂದರೆಗೆ ಇಟ್ಟ ಹೆಸರು ಅದು. ಅಲ್ಲಿ ಈ ತೊಂದರೆ ಇರುವವರದ್ದೇ ಒಂದು ಸಂಘ 1996ರಿಂದ ಇದೆ. ಜನರ ಮುಂದೆ ಆಗುವ ವಿಪರೀತ ಅಳುಕಿನ ಜಾತಿಗೇ ಇದೂ ಸೇರಿದ್ದು. ಕೆಲವರಿಗೆ ಸ್ಟೇಜ್ ಮೇಲೆ ಮಾತು ನಿಲ್ಲುತ್ತದೆ, ನಿಮಗೆ ಇಲ್ಲಿ ನಿಲ್ಲುತ್ತದೆ.

ಒಳಗೆ ಏನಾಗುತ್ತದೆ ಅಂತ ಗೊತ್ತಾದರೆ ಅರ್ಧ ಸಿಟ್ಟು ಇಳಿಯುತ್ತದೆ, ಹಾಗಾಗಿ ಹೇಳುತ್ತೇನೆ. ಮೂತ್ರಕೋಶದ ಬಾಯಿಗೆ ಎರಡು ಬಿಗಿ ಸ್ನಾಯುಗಳಿವೆ. ಹೊರಗಿನದು ನಮ್ಮ ಮಾತು ಕೇಳುತ್ತದೆ, ಒಳಗಿನದು ಕೇಳುವುದಿಲ್ಲ. ಗಾಬರಿಯಾದ ಕೂಡಲೇ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ಒಳಗಿನ ಸ್ನಾಯು ಬಿಗಿದುಕೊಳ್ಳುತ್ತದೆ, ಚೀಲವೂ ಹಿಂಡುವುದನ್ನು ನಿಲ್ಲಿಸುತ್ತದೆ. ನಾಯಿ ಅಟ್ಟಿಸಿಕೊಂಡು ಬರುವಾಗ ಯಾರೂ ಒಂದಕ್ಕೆ ನಿಲ್ಲುವುದಿಲ್ಲ, ಅಲ್ವಾ? ನಿಮ್ಮ ಮೈಗೆ ಹಿಂದೆ ನಿಂತ ಆ ಸಾರ್ ನಾಯಿಯ ಹಾಗೇ ಕಾಣುತ್ತಾನೆ, ಅಷ್ಟೇ. ಅದಕ್ಕೇ ತಿಣುಕಿದರೆ ಏನೂ ಪ್ರಯೋಜನ ಇಲ್ಲ. ತಿಣುಕಿದಷ್ಟೂ ಗಾಬರಿ ಜಾಸ್ತಿ, ಗಾಬರಿ ಜಾಸ್ತಿಯಾದಷ್ಟೂ ಬಿಗಿ ಜಾಸ್ತಿ.

ನೀರು ಕುಡಿಯದೇ ಇರುವುದನ್ನು ಮೊದಲು ನಿಲ್ಲಿಸಿ. ಅದರಿಂದ ತಲೆನೋವು, ಉರಿ, ಸೋಂಕು, ಪದೇ ಪದೇ ಹಾಗೇ ಮಾಡಿದರೆ ಕಲ್ಲೂ ಆಗಬಹುದು. ಇನ್ನೊಂದು ವಿಷಯ ಜನರಿಗೆ ತಲೆಗೆ ಹೋಗುವುದಿಲ್ಲ: ಚೀಲ ಅರ್ಧ ಖಾಲಿ ಇದ್ದರೆ ಶುರುವಾಗುವುದು ಇನ್ನೂ ಕಷ್ಟ. ಸುಮಾರು 150–200 ಮಿಲಿ ಲೀಟರ್ ತುಂಬಿದಾಗ ಹೋಗಬೇಕು ಅನ್ನಿಸಲು ಶುರುವಾಗುತ್ತದೆ, 400 ದಾಟಿದರೆ ಒತ್ತಡ ಚೆನ್ನಾಗಿರುತ್ತದೆ. ಆ ಒತ್ತಡ ನಿಮ್ಮ ಕಡೆಯವನು. ನೀವು ಅವನನ್ನೇ ಮನೆಯಲ್ಲಿ ಬಿಟ್ಟು ಪ್ರವಾಸಕ್ಕೆ ಹೋಗುತ್ತಿದ್ದೀರಿ. ಎರಡು ಬಿಯರ್ ಹಾಕಿದರೆ ಸರಿಹೋಗುತ್ತೆ ಅನ್ನುವ ಸ್ನೇಹಿತರು ಸಿಗುತ್ತಾರೆ, ಅವರ ಮಾತು ಕೇಳಬೇಡಿ. ಚೀಲ ಬೇಗ ತುಂಬುತ್ತದೆ, ಅಳುಕು ಹಾಗೇ ಇರುತ್ತದೆ, ಆಮೇಲೆ ಒದ್ದಾಟ ನಿಮಗೆ.

ಈಗ ಹೆಂಡತಿಯ ವಿಷಯ. ನನ್ನ ಪ್ರಕಾರ ನಿಮ್ಮ ಪತ್ರದ ದೊಡ್ಡ ಸಮಸ್ಯೆ ಇದೇ. ಮೂತ್ರ ನಿಂತಿರುವುದಕ್ಕಿಂತ ಮಾತು ನಿಂತಿರುವುದು ಕೆಟ್ಟದ್ದು. ರಜೆ ಸಿಗಲ್ಲ ಅನ್ನುವ ಸುಳ್ಳನ್ನು ಎಷ್ಟು ಸಲ ಹೇಳುತ್ತೀರಿ? ಸೀಮಂತ ಬರುತ್ತದೆ, ಜಾತ್ರೆ ಬರುತ್ತದೆ, ಅವರ ತಮ್ಮನ ಮದುವೆ ಬರುತ್ತದೆ. ಪ್ರತಿ ಸಲವೂ ಅವರಿಗೆ ತಮ್ಮ ಮನೆಯವರು ಇವರಿಗೆ ಬೇಡ ಅಂತಲೇ ಅನ್ನಿಸುವುದು. ಇವತ್ತು ರಾತ್ರಿ ಊಟ ಆದ ಮೇಲೆ ಕೂತು ಹೇಳಿ. ಪೀಠಿಕೆ ಬೇಡ. ‘ನಿಮ್ಮ ಮನೆಯವರ ಮೇಲೆ ನನಗೆ ಏನೂ ಇಲ್ಲ, ಹೊರಗಡೆ ಜನ ಇದ್ದರೆ ನನಗೆ ಒಂದಕ್ಕೆ ಹೋಗೋಕೆ ಆಗಲ್ಲ, ಹಾಸ್ಟೆಲಿನಿಂದಲೂ ಹೀಗೇ, ಅದಕ್ಕೇ ಟಿಟಿ ಅಂದ್ರೆ ಭಯ.’ ಇಷ್ಟೇ. ಅವರು ನಗಬಹುದು. ನಕ್ಕರೆ ನಗಲಿ, ಆ ನಗುವಿನಲ್ಲಿ ಸಿಟ್ಟು ಇಳಿದಿರುತ್ತದೆ.

ಅವರಿಗೆ ಹೇಳಲೇಬೇಕು ಅನ್ನುವುದಕ್ಕೆ ಇನ್ನೊಂದು ಕಾರಣ, ಅಭ್ಯಾಸಕ್ಕೆ ಜೊತೆಗೊಬ್ಬರು ಬೇಕು. ಮಾತ್ರೆ ನುಂಗಿ ಒಂದೇ ದಿನದಲ್ಲಿ ಹೋಗುವಂಥದ್ದಲ್ಲ ಇದು, ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ. ವಾರಕ್ಕೆ ಎರಡು ಮೂರು ಸಲ, ಹೀಗೆ: ಎರಡು ಮೂರು ಲೋಟ ನೀರು ಕುಡಿದು, ಇನ್ನು ತಡೆಯಲಾರೆ ಅನ್ನುವ ತನಕ ಕಾಯಿರಿ. ಅವರು ಹಾಲ್‌ನಲ್ಲಿ ಕೂತಿರಲಿ, ನೀವು ಬಾತ್‌ರೂಮಿಗೆ ಹೋಗಿ. ಶುರುವಾದ ಮೇಲೆ ಎರಡು ಮೂರು ಸೆಕೆಂಡಿಗೆ ತಡೆದು ನಿಲ್ಲಿಸಿ, ಹೊರಗೆ ಬಂದು ಮೂರು ನಿಮಿಷ ಸುಮ್ನೆ ಕೂತು, ಮತ್ತೆ ಹೋಗಿ. ಪ್ರತಿ ಸಲ ಅವರು ಒಂದೊಂದು ಹೆಜ್ಜೆ ಹತ್ತಿರ ಬರಲಿ. ಅಡುಗೆಮನೆ ಬಾಗಿಲು, ಆಮೇಲೆ ಬಾತ್‌ರೂಮಿನ ಎದುರು, ಆಮೇಲೆ ಬಾಗಿಲಿಗೆ ಒರಗಿಕೊಂಡು ‘ಆಯ್ತಾ?’ ಅಂತ ಕೇಳಲಿ. ಕೊನೆಯ ಮೆಟ್ಟಿಲಿನಲ್ಲಿ ಬಾಗಿಲು ಬಡಿಯಲಿ. ಹಾಸ್ಟೆಲಿನ ಆ ಸದ್ದನ್ನು ನಂಬಿಕೆಯ ಕೈಯಿಂದ ಮತ್ತೆ ಕೇಳಿಸಿಕೊಂಡರೆ ಅದರ ವಿಷ ಇಳಿಯುತ್ತಾ ಬರುತ್ತದೆ. ಬರಲಿಲ್ಲವಾ? ಎರಡು ಮೂರು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಡಿ. ಹೊರಗೆ ಬನ್ನಿ, ಅವರು ಒಂದು ಹೆಜ್ಜೆ ಹಿಂದೆ ಹೋಗಲಿ, ಮತ್ತೆ ಮಾಡಿ. ಮನೆಯದ್ದು ಸಲೀಸಾದ ಮೇಲೆ ಸ್ನೇಹಿತರ ಮನೆ, ಆಮೇಲೆ ಮಧ್ಯಾಹ್ನ ಮೂರು ಗಂಟೆಗೆ ಖಾಲಿ ಇರುವ ಯಾವುದಾದರೂ ಹೋಟೆಲು, ಆಮೇಲೆ ಬಸ್ ಸ್ಟ್ಯಾಂಡಿನ ಬಾಗಿಲು ಇರುವ ಟಾಯ್ಲೆಟ್. ಸಾಲು ಯೂರಿನಲ್ ಎಲ್ಲಕ್ಕಿಂತ ಕೊನೆಗೆ. ಅಲ್ಲಿಗೆ ಹೋಗಲೇಬೇಕು ಅಂತ ಹಟವೂ ಬೇಡ. (ಎರಡು ಯೂರಿನಲ್ ನಡುವೆ ಒಂದು ಕಡಪ ಕಲ್ಲು ನಿಲ್ಲಿಸುವುದಕ್ಕೆ ಎಷ್ಟು ಖರ್ಚಾಗುತ್ತದೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಕಟ್ಟಿಸುವವರು ತಾವು ಒಂದು ದಿನ ಅಲ್ಲಿ ನಿಂತು ನೋಡಬೇಕು.)

ಟಿಟಿಗೆ ಹೋಗಿ. ಒಂದು ತಿಂಗಳಲ್ಲಿ ಪೂರ್ತಿ ವಾಸಿಯಾಗದೇ ಇರಬಹುದು, ಆದರೂ ಹೋಗಿ. ಗಾಡಿ ನಿಲ್ಲಿಸಿದ ಕೂಡಲೇ ಎಲ್ಲರ ಜೊತೆ ಓಡಬೇಡಿ. ಕೊಟ್ಟಿಗೆಹಾರದಲ್ಲಿ ಚಾರ್ಮಾಡಿ ಇಳಿಯುವ ಮೊದಲು ನಿಲ್ಲಿಸುತ್ತಾರೆ ಅಂದುಕೊಳ್ಳಿ, ಎಲ್ಲರೂ ಮೊದಲು ಟಾಯ್ಲೆಟ್ಟಿಗೆ, ಆಮೇಲೆ ನೀರುದೋಸೆಗೆ. ನೀವು ಉಲ್ಟಾ ಮಾಡಿ. ಮೊದಲು ತಿಂಡಿ, ಅವರೆಲ್ಲ ಪ್ಲೇಟ್ ಹಿಡಿದು ಕೂತಾಗ ನೀವು ಎದ್ದು ಹೋಗಿ, ಬಾಗಿಲು ಇರುವ ಟಾಯ್ಲೆಟ್ಟಿಗೇ ಹೋಗಿ, ಕೂತೇ ಮಾಡಿ. ಕೂತಾಗ ಸೊಂಟದ ಕೆಳಗಿನ ಸ್ನಾಯು ತಾನಾಗಿ ಸಡಿಲವಾಗುತ್ತದೆ, ಗಂಡಸು ಕೂರಬಾರದು ಅಂತ ಎಲ್ಲೂ ಬರೆದಿಲ್ಲ. ನಲ್ಲಿ ಸಣ್ಣಗೆ ಬಿಟ್ಟುಕೊಳ್ಳಿ. ಹದಿಮೂರರ ಮಗ್ಗಿಯನ್ನು ಹಿಂದಿನಿಂದ ಹೇಳಿಕೊಳ್ಳಿ, ತಲೆ ಅಲ್ಲಿ ಸಿಕ್ಕಿಕೊಂಡರೆ ಕೆಲವರಿಗೆ ಕೆಳಗೆ ಸಡಿಲ ಬಿಡುತ್ತದೆ. ರಸ್ತೆ ಬದಿ ನಿಲ್ಲಿಸಿದರೆ ಸಾಲಿನಿಂದ ಐವತ್ತು ಹೆಜ್ಜೆ ದೂರ ನಡೆದುಬಿಡಿ, ಯಾರೂ ಕೇಳುವುದಿಲ್ಲ. ನಿಮಗೆ ಹತ್ತು ನಿಮಿಷ ಜಾಸ್ತಿ ಬೇಕು ಅಂತ ಡ್ರೈವರಿಗೆ ಹೇಳುವ ಕೆಲಸ ಹೆಂಡತಿಗೆ ಬಿಡಿ. ತನಗೇ ಬೇಕು ಅಂದರೂ ಆಯಿತು. ಉಳಿಯುವ ಕಡೆ ಬಾತ್‌ರೂಮು ರೂಮಿನ ಒಳಗೇ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ.

ಉಸಿರಿನದ್ದೊಂದು ಉಪಾಯ ಇದೆ, ಕೆಲವರಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಮುಕ್ಕಾಲು ಪಾಲು ಉಸಿರನ್ನು ಹೊರಗೆ ಬಿಟ್ಟು, ಹಾಗೇ ಹಿಡಿದುಕೊಳ್ಳುವುದು. ಸುಮಾರು ಮುಕ್ಕಾಲು ನಿಮಿಷದ ಹೊತ್ತಿಗೆ ಕೆಳಗಿನ ಸ್ನಾಯು ಇದ್ದಕ್ಕಿದ್ದ ಹಾಗೆ ಸಡಿಲವಾಗಿ ಮೂತ್ರ ಶುರುವಾಗುತ್ತದೆ. ಮೊದಲು ಮನೆಯಲ್ಲಿ ಕೂತು, ಹತ್ತು ಸೆಕೆಂಡಿನಿಂದ ಶುರು ಮಾಡಿ ಅಭ್ಯಾಸ ಮಾಡಿಕೊಳ್ಳಿ. ತಲೆ ಸುತ್ತಿದರೆ ಬಿಟ್ಟುಬಿಡಿ. ಹೃದಯದ ತೊಂದರೆ, ಬಿಪಿ, ಆಸ್ತಮಾ, ಪ್ಯಾನಿಕ್ ಅಟ್ಯಾಕ್ ಇರುವವರಿಗೆ, ಬಸುರಿಯರಿಗೆ ಇದು ಬೇಡ.

ಅಕಸ್ಮಾತ್ ಎಂಟು ಗಂಟೆ ಕಾಲ ಮೂತ್ರ ಹೋಗಲೇ ಇಲ್ಲ, ಕಿಬ್ಬೊಟ್ಟೆ ಉಬ್ಬಿ ನೋವು ಶುರುವಾಯಿತು ಅಂದರೆ ನಾಚಿಕೆ ಪಡದೆ ಹತ್ತಿರದ ಆಸ್ಪತ್ರೆಗೆ ಹೋಗಿ. ಸಣ್ಣ ನಳಿಕೆ ಹಾಕಿ ಕೆಲವೇ ನಿಮಿಷದಲ್ಲಿ ಖಾಲಿ ಮಾಡುತ್ತಾರೆ. ಅವರಿಗೆ ಅದು ದಿನದ ಕೆಲಸ. ಮನೆಯ ಅಭ್ಯಾಸದಿಂದ ಏನೂ ಮುಂದೆ ಹೋಗುತ್ತಿಲ್ಲ ಅನ್ನಿಸಿದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಿಮಗೆ ಹತ್ತಿರವೇ ಇದೆ, ಇಲ್ಲವಾದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ನೋಡಿ. ಮೊದಲು ಫೋನಿನಲ್ಲಿ ಮಾತಾಡಿ ನೋಡುತ್ತೇನೆ ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಪ್ರಶ್ನೆ: ಇದು ಗಂಡಸರಿಗೆ ಮಾತ್ರ ಬರುವುದಾ ಮೇಡಂ? ನನಗೆ 36. ನನ್ನ ಸದ್ದು ಹೊರಗೆ ಕೇಳುತ್ತದೆ ಅನ್ನಿಸಿದರೆ ಸಾಕು, ಕೂತರೂ ಆಗುವುದಿಲ್ಲ. ಅಣ್ಣನ ಮನೆಗೆ ಅಮೆರಿಕಕ್ಕೆ ಹೋಗಬೇಕು, ದುಬೈನಿಂದ ಮುಂದಿನ ವಿಮಾನವೇ ಹದಿನಾರು ಗಂಟೆಯದ್ದಂತೆ.
– ಬೆಂಗಳೂರಿನ ಓದುಗರು

ಉತ್ತರ: ಹೆಂಗಸರಿಗೂ ಬರುತ್ತದೆ. ನಮ್ಮ ಕಡೆ ಹೆಣ್ಣುಮಕ್ಕಳು ಟಾಯ್ಲೆಟ್ ಇಲ್ಲ, ಇದ್ದರೂ ಗಲೀಜು ಅಂತ ಹೇಗೂ ತಡೆದುಕೊಂಡೇ ಬೆಳೆದಿರುತ್ತಾರೆ, ಹಾಗಾಗಿ ಇದು ಬೇರೆ ತೊಂದರೆ ಅಂತ ಅವರಿಗೇ ಹೊಳೆಯುವುದಿಲ್ಲ. ನಿಮಗೆ ವಿಮಾನ ಬಸ್ಸಿಗಿಂತ ಸುಲಭ. ಎಂಜಿನ್ ಸದ್ದಿನಲ್ಲಿ ಒಳಗಿನದು ಹೊರಗೆ ಕೇಳುವುದಿಲ್ಲ. ನಡುದಾರಿಯ ಪಕ್ಕದ ಸೀಟು ಕೇಳಿ ತೆಗೆದುಕೊಳ್ಳಿ, ಇಲ್ಲದಿದ್ದರೆ ಪ್ರತಿ ಸಲ ಇಬ್ಬರನ್ನು ಎಬ್ಬಿಸಬೇಕಲ್ಲ ಅಂತಲೇ ತಡೆದುಕೊಳ್ಳುತ್ತೀರಿ. ಊಟದ ತಟ್ಟೆ ತೆಗೆದ ಮೇಲೆ ಎಲ್ಲರೂ ಒಟ್ಟಿಗೆ ಏಳುತ್ತಾರೆ, ಆಗ ಬೇಡ. ಊಟ ಕೊಡುವ ಮೊದಲು, ಇಲ್ಲವೇ ದೀಪ ಆರಿಸಿ ಎಲ್ಲರೂ ಮಲಗಿದ ಮೇಲೆ ಹೋಗಿ. ಹೊರಗೆ ಯಾರೋ ಕಾಯುತ್ತಿದ್ದಾರೆ ಅಂತ ಗೊತ್ತಾಗಿ ನಿಂತೇ ಹೋದರೆ ಹೊರಗೆ ಬಂದು ‘ನೀವು ಹೋಗಿ ಬನ್ನಿ’ ಅನ್ನಿ, ಅವರ ಹಿಂದೆ ನೀವು ನಿಲ್ಲಿ. ನೀರು ಮಾತ್ರ ಕುಡಿಯುತ್ತಿರಿ. ವಿಮಾನದ ಒಳಗಿನ ಗಾಳಿ ತುಂಬಾ ಒಣ.

ಪ್ರಶ್ನೆ: ನಮ್ಮ ತಂದೆಗೆ 63. ಈ ಸಲ ಶೃಂಗೇರಿಗೆ ಹೋದಾಗ ಆರು ಗಂಟೆ ಮೂತ್ರವೇ ಹೋಗಲಿಲ್ಲ, ಸಂಕಟ ಪಟ್ಟರು. ಜನ ಇದ್ದರು, ನಾಚಿಕೆ ಇರಬೇಕು ಅಂದರು. ಮನೆಯಲ್ಲೂ ರಾತ್ರಿ ಮೂರ್ನಾಲ್ಕು ಸಲ ಏಳುತ್ತಾರೆ. ಘಾಟಿಯಲ್ಲಿ ವಾಂತಿಯಾಗದಿರಲಿ ಅಂತ ಮಾತ್ರೆ ಕೊಟ್ಟಿದ್ದೆವು, ನೆಗಡಿಗೂ ಒಂದು ಮಾತ್ರೆ ಹಾಕಿದ್ದರು.
– ಮಗಳು, ತುಮಕೂರು

ಉತ್ತರ: ಇದನ್ನು ನಾಚಿಕೆಯ ಲೆಕ್ಕಕ್ಕೆ ಹಾಕಬೇಡಿ. ಈ ವಯಸ್ಸಿನಲ್ಲಿ ರಾತ್ರಿ ಪದೇ ಪದೇ ಏಳುವುದು, ಶುರುವಾಗಲು ಹೊತ್ತು ಹಿಡಿಯುವುದು, ಧಾರೆ ಸಣ್ಣಗಾಗುವುದು ಇದ್ದರೆ ಮೊದಲು ನೋಡಬೇಕಾದ್ದು ಪ್ರಾಸ್ಟೇಟ್ ಗ್ರಂಥಿ ದಪ್ಪಗಾಗಿದೆಯಾ ಅಂತ, ಜೊತೆಗೆ ಸಕ್ಕರೆ ಕಾಯಿಲೆ ಇದೆಯಾ ಅಂತ. ವಾಂತಿಗೆ ಕೊಡುವ ಪ್ರೊಮೆಥಾಜಿನ್ ಥರದ ಮಾತ್ರೆಗಳು ಮೂತ್ರಕೋಶ ಹಿಂಡುವ ಶಕ್ತಿಯನ್ನು ಕಡಿಮೆ ಮಾಡುತ್ತವೆ, ಮೂಗು ಕಟ್ಟಿದ್ದಕ್ಕೆ ಕೊಡುವ ಎಷ್ಟೋ ಮಾತ್ರೆಗಳು ಅದರ ಬಾಯಿಯನ್ನು ಬಿಗಿ ಮಾಡುತ್ತವೆ. ಗ್ರಂಥಿ ಮೊದಲೇ ದಪ್ಪಗಿದ್ದು, ಎರಡೂ ಒಟ್ಟಿಗೆ ಬಿದ್ದರೆ ಪೂರ್ತಿ ಕಟ್ಟಿಕೊಳ್ಳಲೂಬಹುದು. ಮುಂದಿನ ಪ್ರಯಾಣಕ್ಕೆ ಮೊದಲೇ ಯೂರಾಲಜಿಸ್ಟ್ ಹತ್ತಿರ ಕರೆದುಕೊಂಡು ಹೋಗಿ. ಆ ಎರಡು ಮಾತ್ರೆಗಳ ಸ್ಟ್ರಿಪ್ ತೆಗೆದುಕೊಂಡು ಹೋಗಿ, ಹೆಸರು ಮರೆತಿದ್ದರೂ ಅದರಲ್ಲಿ ಇರುತ್ತದೆ. ಮೂತ್ರ ಮಾಡಿದ ಮೇಲೆ ಒಳಗೆ ಎಷ್ಟು ಉಳಿದಿದೆ ಅಂತ ಸ್ಕ್ಯಾನಿಂಗ್‌ನಲ್ಲಿ ನೋಡುತ್ತಾರೆ, ಅದಕ್ಕೆ ಹೊಟ್ಟೆ ತುಂಬಾ ನೀರು ಕುಡಿದು ಹೋಗಬೇಕು. ಬೆಳಗ್ಗೆ ಏನೂ ಕುಡಿಸದೆ ಕರೆದುಕೊಂಡು ಹೋದರೆ ಅಲ್ಲೇ ಎರಡು ಗಂಟೆ ಕೂರಿಸುತ್ತಾರೆ.