ಯಕೃತ್ತಿನ ಕಾವಲು ಕೋಶಗಳು ಸುಮ್ಮನಿರುವುದೇಕೆ?

ಪ್ರಶ್ನೆ: ಎಂಟು ವರ್ಷಗಳ ಹಿಂದೆ ರಕ್ತದಾನ ಮಾಡಲು ಹೋದಾಗ ನನಗೆ ಹೆಪಟೈಟಿಸ್ ಬಿ ಇರುವುದು ತಿಳಿಯಿತು, ನನ್ನ ತಾಯಿಗೂ ಈ ಸೋಂಕು ಇತ್ತು. ರಕ್ತದಲ್ಲಿ ವೈರಸ್ ಇದೆ, ಆದರೆ ಯಕೃತ್ತಿನ ಹಾನಿಯನ್ನು ತೋರಿಸುವ ಎಎಲ್‌ಟಿ ಎಂಬ ಕಿಣ್ವದ ಮಟ್ಟ ಸಹಜವಾಗಿರುವುದರಿಂದ ಸದ್ಯ ಔಷಧ ಬೇಡ ಎಂದು ವೈದ್ಯರು ಹೇಳುತ್ತಾರೆ. ನನ್ನ ರೋಗನಿರೋಧಕ ಶಕ್ತಿ ಅಷ್ಟೊಂದು ಕುಂದಿದೆಯೇ? ಅದನ್ನು ಹೆಚ್ಚಿಸುವ ಟಾನಿಕ್ ಕುಡಿಯಬಹುದೇ?

ಉತ್ತರ: ನಿಮ್ಮ ರೋಗನಿರೋಧಕ ಶಕ್ತಿ ಕುಂದಿಲ್ಲ. ಅದು ಇತರ ಸೋಂಕುಗಳನ್ನು ಎಂದಿನಂತೆಯೇ ಎದುರಿಸುತ್ತದೆ. ಈ ಒಂದು ವೈರಸ್ಸಿನ ವಿಷಯದಲ್ಲಿ ಮಾತ್ರ ಕೈ ಚೆಲ್ಲಿದೆ.

ಯಕೃತ್ತಿಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ, ಆಹಾರದ ಅಂಶಗಳನ್ನೂ ಬ್ಯಾಕ್ಟೀರಿಯಾಗಳ ಚೂರುಗಳನ್ನೂ ಹೊತ್ತು ಬರುತ್ತದೆ. ಇವೆಲ್ಲಕ್ಕೂ ಸಿಡಿದೇಳುತ್ತಿದ್ದರೆ ಯಕೃತ್ತು ಸದಾ ಉರಿಯೂತದಲ್ಲೇ ಇರಬೇಕಾಗುತ್ತಿತ್ತು. ಆದ್ದರಿಂದ ಅಲ್ಲಿನ ರಕ್ತನಾಳಗಳಲ್ಲಿ ಬೀಡುಬಿಟ್ಟಿರುವ ಕುಫರ್ ಕೋಶಗಳು ಕಸವನ್ನು ನುಂಗುತ್ತಲೇ ಸುತ್ತಲಿನ ಕೋಶಗಳನ್ನು ಶಾಂತವಾಗಿಡುವ ಸಂಕೇತಗಳನ್ನೂ ಹೊರಡಿಸುತ್ತವೆ. ಈ ಸಹನೆಯೇ ವೈರಸ್ಸಿಗೆ ಅನುಕೂಲವಾಗುತ್ತದೆ.

ಸೋಂಕಿತ ಕೋಶವನ್ನು ಹುಡುಕಿ ಕೊಲ್ಲುವ ಕೆಲಸ ಟಿ ಕೋಶಗಳದು. ಇಲಿಗಳ ಯಕೃತ್ತಿನಲ್ಲಿ ನೇರವಾಗಿ ಕಂಡಂತೆ, ಟಿ ಕೋಶವು ಕಿರಿದಾದ ರಕ್ತನಾಳದಲ್ಲಿ ಅಂಟಿಕೊಂಡ ಪ್ಲೇಟ್‌ಲೆಟ್‌ಗಳ ಬಳಿ ತಂಗಿ, ಗೋಡೆಯುದ್ದಕ್ಕೂ ತೆವಳುತ್ತಾ, ಅದರಲ್ಲಿನ ಸಣ್ಣ ರಂಧ್ರಗಳಿಂದ ತನ್ನ ಚಾಚುಗಳನ್ನು ತೂರಿಸಿ ಆಚೆಗಿನ ಯಕೃತ್ ಕೋಶಗಳನ್ನು ತಡವಿ ನೋಡುತ್ತದೆ. ನಾಳದಿಂದ ಹೊರಬರದೆಯೇ ಸೋಂಕನ್ನು ಗುರುತಿಸಬಲ್ಲದು. ಆದರೆ ವೈರಸ್ಸಿನ ಅಂಶಗಳು ವರ್ಷಗಟ್ಟಲೆ ಎದುರಿಗೇ ಇದ್ದರೆ ಈ ಕೋಶಗಳು ಬಳಲುತ್ತವೆ. ಅವುಗಳ ಮೈಮೇಲೆ ಪಿಡಿ-1 ಎಂಬ ತಡೆಗುಂಡಿ ಹೆಚ್ಚುತ್ತದೆ, ಕೊಲ್ಲುವ ಶಕ್ತಿ ತಗ್ಗುತ್ತದೆ, ಕೆಲವು ಸತ್ತೂ ಹೋಗುತ್ತವೆ. ಅದರ ಮೇಲೆ ವೈರಸ್ಸು ತನ್ನ ಮೇಲ್ಮೈ ಪ್ರೋಟೀನಿನ ಪೊಳ್ಳು ಕಣಗಳನ್ನು ನಿಜವಾದ ವೈರಸ್ಸಿಗಿಂತ ಸಾವಿರಾರು ಪಟ್ಟು ಹೆಚ್ಚಾಗಿ ರಕ್ತಕ್ಕೆ ಬಿಡುತ್ತದೆ. ತಾಯಿಯಿಂದ ಹೆರಿಗೆಯ ಸಮಯದಲ್ಲಿ ಸೋಂಕು ತಗುಲಿದ ಶಿಶುಗಳಲ್ಲಿ ಸುಮಾರು 90 ಪ್ರತಿಶತಕ್ಕೆ ಅದು ದೀರ್ಘಕಾಲಿಕವಾಗುತ್ತದೆ. ವಯಸ್ಕರಲ್ಲಿ ಈ ಪ್ರಮಾಣ 5 ಪ್ರತಿಶತಕ್ಕಿಂತ ಕಡಿಮೆ. ನಿಮಗೂ ಸೋಂಕು ತಾಯಿಯಿಂದಲೇ ಬಂದಿರುವ ಸಾಧ್ಯತೆ ಹೆಚ್ಚು.

ಇಲ್ಲಿ ಹಲವರು ಎಡವುವ ಒಂದು ಸಂಗತಿಯಿದೆ. ಹೆಪಟೈಟಿಸ್ ಬಿ ವೈರಸ್ಸು ಸಾಮಾನ್ಯವಾಗಿ ಯಕೃತ್ ಕೋಶವನ್ನು ತಾನಾಗಿ ಕೊಲ್ಲುವುದಿಲ್ಲ. ಹಾನಿಯಾಗುವುದು ಬಹುಪಾಲು ನಮ್ಮದೇ ಕಾವಲು ಕೋಶಗಳ ದಾಳಿಯಿಂದ. ಎಎಲ್‌ಟಿ ಎಂಬ ಕಿಣ್ವ ಗಾಯಗೊಂಡ ಯಕೃತ್ ಕೋಶಗಳಿಂದ ರಕ್ತಕ್ಕೆ ಸೋರುವಂಥದ್ದಾದ್ದರಿಂದ, ಅದು ಸಹಜವಾಗಿರುವುದು ಸದ್ಯಕ್ಕೆ ದೊಡ್ಡ ಕಾಳಗ ನಡೆಯುತ್ತಿಲ್ಲ ಎಂಬುದರ ಸೂಚನೆಯಷ್ಟೇ. ಅರೆಬರೆ ದಾಳಿ ದೀರ್ಘಕಾಲ ಮುಂದುವರಿದರೆ ವೈರಸ್ಸೂ ಹೋಗದೆ ಉರಿಯೂತವೂ ಆರದೆ, ಟಿಜಿಎಫ್-ಬೀಟಾ ಮುಂತಾದ ಸಂಕೇತಗಳಿಗೆ ಓಗೊಟ್ಟು ಯಕೃತ್ತಿನಲ್ಲೇ ಇರುವ ಸ್ಟೆಲೇಟ್ ಎಂಬ ಕೋಶಗಳು ನಾರಿನಂಥ ಕೊಲಾಜೆನ್ ಹೊಸೆಯತೊಡಗುತ್ತವೆ. ಯಕೃತ್ತು ನಾರುಗಟ್ಟಿ ಗಡಸಾಗುವ ಸಿರೋಸಿಸ್‌ನ ಹಾದಿ ಇದೇ.

ಹೀಗಿರುವಾಗ ಟಾನಿಕ್‌ನಿಂದ ಬಳಲಿದ ಟಿ ಕೋಶಗಳು ಚೇತರಿಸಿಕೊಳ್ಳುತ್ತವೆ ಎಂಬುದಕ್ಕೆ ಆಧಾರವಿಲ್ಲ. ಕೆಲವು ಗಿಡಮೂಲಿಕೆ ಔಷಧಗಳು ಯಕೃತ್ತಿಗೇ ಪೆಟ್ಟು ಕೊಡುವುದುಂಟು. ದಯವಿಟ್ಟು ಕುಡಿಯಬೇಡಿ. ಹೆಪಟೈಟಿಸ್ ಸಿಯಲ್ಲಿ ಗುಳಿಗೆಗಳು ಕೆಲವೇ ವಾರಗಳಲ್ಲಿ ವೈರಸ್ಸನ್ನು ಪೂರ್ತಿ ತೊಲಗಿಸಿದ ಮೇಲೂ ಬಳಲಿದ ಟಿ ಕೋಶಗಳು ಸಂಪೂರ್ಣವಾಗಿ ಮೊದಲಿನಂತಾಗುವುದಿಲ್ಲ ಎಂಬುದನ್ನು ಗಮನಿಸಿದರೆ, ಈ ಬಳಲಿಕೆ ಎಷ್ಟು ಆಳದ್ದೆಂದು ತಿಳಿಯುತ್ತದೆ.

ತಪಾಸಣೆಯನ್ನು ಮಾತ್ರ ತಪ್ಪಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಚಿಕಿತ್ಸೆಗೆ ಅರ್ಹರಾಗುವವರ ವ್ಯಾಪ್ತಿಯನ್ನು ವಿಸ್ತರಿಸಿರುವುದರಿಂದ, ವೈರಸ್ ಪ್ರಮಾಣ, ಯಕೃತ್ತಿನ ಗಡಸುತನ ಮತ್ತು ಕುಟುಂಬದಲ್ಲಿ ಯಕೃತ್ತಿನ ಕ್ಯಾನ್ಸರ್ ಇತ್ತೇ ಎಂಬುದನ್ನು ಮುಂದಿಟ್ಟುಕೊಂಡು, ಔಷಧ ಬೇಕೇ ಬೇಡವೇ ಎಂದು ವೈದ್ಯರನ್ನು ಮತ್ತೊಮ್ಮೆ ಕೇಳಿ. ಮುಂದೆ ಯಾವುದೇ ಕಾಯಿಲೆಗೆ ಸ್ಟೀರಾಯ್ಡ್, ಕೀಮೋಥೆರಪಿ ಅಥವಾ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ರಿಟುಕ್ಸಿಮ್ಯಾಬ್‌ನಂಥ ಔಷಧ ಬೇಕಾದರೆ ಈ ಸೋಂಕಿನ ವಿಷಯವನ್ನು ಮೊದಲೇ ತಿಳಿಸಿ; ಕಾವಲು ಸಡಿಲವಾದಾಗ ವೈರಸ್ಸು ಏಕಾಏಕಿ ಹೆಚ್ಚುವುದನ್ನು ತಡೆಯಲು ಆಗ ಮುಂಚಿತವಾಗಿಯೇ ಔಷಧ ಆರಂಭಿಸಬೇಕಾಗಬಹುದು.