ಸೀನಿದರೆ ಸಂಕಟ, ಆಪರೇಷನ್ ಎಂದರೆ ಭಯ

ಪ್ರಶ್ನೆ: ನಾನು 46 ವರ್ಷದ ಶಿಕ್ಷಕಿ. ಎರಡೂ ಸಹಜ ಹೆರಿಗೆ. ಆರು ವರ್ಷಗಳಿಂದ ಕೆಮ್ಮಿದರೆ, ಸೀನಿದರೆ ಮೂತ್ರ ಸೋರುತ್ತದೆ. ಶಾಲೆಯಿರುವ ದಿನ ಮಧ್ಯಾಹ್ನದವರೆಗೆ ನೀರು ಕುಡಿಯುವುದಿಲ್ಲ. ವೈದ್ಯರು ಟೇಪ್ ಹಾಕಿಸಿಕೊಳ್ಳಿ ಎಂದರು. ವಿದೇಶಗಳಲ್ಲಿ ಅದನ್ನು ನಿಲ್ಲಿಸಿದ್ದಾರಂತೆ. ಪತಿಗೂ ಹೇಳಿಲ್ಲ. ಏನು ಮಾಡಲಿ?

ಉತ್ತರ: ಮೊದಲು ನೀರು ಕುಡಿಯಿರಿ. ನೀರು ಬಿಟ್ಟರೆ ಸೋರುವುದು ನಿಲ್ಲುವುದಿಲ್ಲ, ಉರಿಮೂತ್ರ ಬೇರೆ ಅಂಟಿಕೊಳ್ಳುತ್ತದೆ. ಆರು ವರ್ಷ ಪಾಠದ ನಡುವೆ ಸೀನು ತಡೆದುಕೊಂಡು ನಿಂತಿದ್ದೀರಲ್ಲ, ಅದನ್ನು ಓದಿ ಸಂಕಟವಾಯಿತು.

ಟೇಪ್ ಎಂದರೆ ಮೂತ್ರದ್ವಾರದ ನಾಳಕ್ಕೆ ಆಸರೆಯಾಗಿ ಹಾಕುವ ಮೆಶ್, ಅಂದರೆ ಪ್ಲಾಸ್ಟಿಕ್ ಜಾಲರಿಯ ಪಟ್ಟಿ. ನೀವು ಕೇಳಿದ ಸುದ್ದಿ ಸುಳ್ಳಲ್ಲ. ಮೆಶ್ ಯೋನಿಯ ಗೋಡೆ ಸವೆಸಿ ಹೊರಬಂದು, ಆರದ ನೋವಿನಿಂದ ನರಳಿದ ಮಹಿಳೆಯರು ದನಿಯೆತ್ತಿದ ಮೇಲೆ ಬ್ರಿಟನ್ 2018ರ ಜುಲೈಯಲ್ಲಿ ಅದರ ಬಳಕೆಗೆ ತಡೆ ಹಾಕಿತು. ಅಮೆರಿಕ 2019ರಲ್ಲಿ ನಿಲ್ಲಿಸಿದ್ದು ಮೂತ್ರಕೋಶ, ಗರ್ಭಕೋಶ ಜಾರಿದಾಗ ಯೋನಿಯ ಮೂಲಕ ಹಾಕುವ ಮೆಶ್ ಮಾರಾಟವನ್ನು. ಸೋರಿಕೆಗೆ ಹಾಕುವ ಟೇಪ್ ಅಲ್ಲಿ ಇಂದಿಗೂ ಬಳಕೆಯಲ್ಲಿದೆ.

ಟೇಪ್ ಹಾಕಲು ಎರಡು ದಾರಿಗಳಿವೆ. 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 597 ಮಹಿಳೆಯರನ್ನು ಗಮನಿಸಿದರು. ಒಂದು ವರ್ಷದ ನಂತರ, ಪರೀಕ್ಷೆಗಳ ಪ್ರಕಾರ, ಜಘನಾಸ್ಥಿಯ (ಕಿಬ್ಬೊಟ್ಟೆಯ ಕೆಳಗಿನ ಮೂಳೆ) ಹಿಂದಿನಿಂದ ಹಾಕಿದಾಗ ಶೇ 80.8, ತೊಡೆಸಂದಿಯ ಮೂಲಕ ಹಾಕಿದಾಗ ಶೇ 77.7ರಷ್ಟು ಯಶಸ್ಸು. ಫಲ ಹೆಚ್ಚುಕಡಿಮೆ ಒಂದೇ, ತೊಂದರೆಗಳು ಬೇರೆ. ಮೊದಲನೆಯದರಲ್ಲಿ ಮೂತ್ರ ಕಟ್ಟಿಕೊಳ್ಳುವ ಅಪಾಯ ಹೆಚ್ಚು. ಎರಡನೆಯದರಲ್ಲಿ ತೊಡೆ ಜೋಮು ಹಿಡಿಯುವುದು, ಬಲ ಕುಂದುವುದು. ನೋವು ಬಂತೆಂದು ಟೇಪ್ ತೆಗೆಸಲು ಹೊರಟರೆ ತೊಡೆಸಂದಿಯದನ್ನು ಪೂರ್ತಿ ತೆಗೆಯುವುದು ಹೆಚ್ಚು ಕಷ್ಟ. ಇದನ್ನು ನಿಮಗೆ ಯಾರೂ ಹೇಳಿಲ್ಲವೆಂದು ಪತ್ರದಿಂದಲೇ ತಿಳಿಯುತ್ತದೆ, ಹೇಳಲೇಬೇಕಿತ್ತು.

ಮೆಶ್ ಬೇಡವೆನ್ನುವ ಹಕ್ಕು ನಿಮಗಿದೆ. ಹೊಟ್ಟೆಯ ಸ್ನಾಯುವಿನ ಹೊದಿಕೆಯಿಂದಲೇ ಒಂದು ಪಟ್ಟಿ ಕತ್ತರಿಸಿ ಮೂತ್ರದ್ವಾರದ ನಾಳಕ್ಕೆ ಆಸರೆ ಕೊಡಬಹುದು. ಗಾಯ ದೊಡ್ಡದು, ಚೇತರಿಕೆ ನಿಧಾನ, ಆದರೆ ಅದು ನಿಮ್ಮದೇ ಅಂಗಾಂಶ. ಹೊಲಿಗೆಯಿಂದ ಎತ್ತಿಕಟ್ಟುವ ಬರ್ಚ್ ವಿಧಾನಕ್ಕೆ ಇದನ್ನು ಹೋಲಿಸಿದ 2007ರ ಅಧ್ಯಯನದಲ್ಲಿ ಸೋರಿಕೆ ತಡೆಯುವುದರಲ್ಲಿ ಪಟ್ಟಿಯೇ ಮುಂದಿತ್ತು. ಮೂತ್ರದ ಸೋಂಕು, ಮೂತ್ರ ಹೊರಡದ ತೊಂದರೆ ಕೂಡ ಅದರಲ್ಲೇ ಹೆಚ್ಚು. ನಾಳದ ಸುತ್ತ ಜೆಲ್ ಚುಚ್ಚುವುದು ಸುಲಭ, ಪರಿಣಾಮ ಕಡಿಮೆ, ಮತ್ತೆ ಚುಚ್ಚಬೇಕಾಗಬಹುದು.

ಆದರೆ ವ್ಯಾಯಾಮದ ವಿಷಯ ನೀವು ಬರೆದೇ ಇಲ್ಲ. ಮೂತ್ರ ತಡೆಯುವ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ಕೀಗಲ್ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಒಬ್ಬರ ಬಳಿ ಕಲಿತು, ದಿನಕ್ಕೆ ಮೂರು ಬಾರಿ, ಬಾರಿಗೆ ಎಂಟರಂತೆ, ಮೂರು ತಿಂಗಳು ಬಿಡದೆ ಮಾಡಿ. ಸ್ನಾಯು ಬಿಗಿಯುವ ಬದಲು ಹೊಟ್ಟೆಗೆ ಬಲ ಹಾಕಿ ಕೆಳಗೆ ತಳ್ಳುವವರೇ ಬಹಳ. ಅದಕ್ಕೇ ಕಲಿಸುವವರು ಬೇಕು. ಅಷ್ಟರ ಮೇಲೂ ಸೋರಿದರೆ ಆಪರೇಷನ್ ಮಾತು. ನಾನಾದರೆ ಆಗ ತೊಡೆಸಂದಿಯ ದಾರಿ ಬೇಡವೆನ್ನುತ್ತಿದ್ದೆ. ವರ್ಷಕ್ಕೆ ಎಷ್ಟು ಮಾಡುತ್ತೀರಿ, ಕೆಟ್ಟರೆ ತೆಗೆಯುವವರು ಯಾರು ಎಂದು ವೈದ್ಯರನ್ನು ನೇರವಾಗಿ ಕೇಳಿ.

ಪತಿಗೆ ಇಂದೇ ಹೇಳಿ. ಯಾವ ಆಪರೇಷನ್ ಆದರೂ ಕೆಲವು ವಾರ ನೀವು ತುಂಬಿದ ಕೊಡ ಎತ್ತುವಂತಿಲ್ಲ.